ಮೊದಲ ಮೇಳಕ್ಕೆ ಚೀಲ, ಚೀಟಿ, ಚಿಲ್ಲರೆ

ಪ್ರಶ್ನೆ: ಬೆಳಗಾವಿಯ ಶಹಾಪುರದ ಮಗ್ಗದ ಸೀರೆಬಟ್ಟೆಯಲ್ಲಿ ಕೈಚೀಲ ಹೊಲಿಯುತ್ತೇನೆ. ಮೊದಲ ಸಲ ಕರಕುಶಲ ಮೇಳಕ್ಕೆ ಹೊರಟಿದ್ದೇನೆ. ಏನೇನು ತಯಾರಿ ಬೇಕು?

ಉತ್ತರ: ಮೊದಲು ಬಣ್ಣ ನೋಡಿ. ಒದ್ದೆ ಬಿಳಿ ಬಟ್ಟೆಯಿಂದ ಚೀಲ ಉಜ್ಜಿದಾಗ ಕೆಂಪೋ ನೀಲಿಯೋ ಅಂಟಿದರೆ ಅದನ್ನು ಒಯ್ಯಲೇಬೇಡಿ.

ಬೆಲೆ ಹಾಕುವಾಗ ಬಟ್ಟೆ, ದಾರ, ಜಿಪ್ಪಿನ ಲೆಕ್ಕ ಎಲ್ಲರೂ ಹಿಡಿಯುತ್ತಾರೆ. ತಮ್ಮ ಕೂಲಿಯನ್ನೇ ಬಿಡುತ್ತಾರೆ. ಸಾಮಾನಿಗೆ 90 ರೂಪಾಯಿ, ಒಂದೂವರೆ ತಾಸಿನ ಹೊಲಿಗೆಗೆ ತಾಸಿಗೆ 60ರಂತೆ 90, ಮಳಿಗೆ ಬಾಡಿಗೆ, ಓಡಾಟದ ಪಾಲು 30 ಅಂದುಕೊಳ್ಳಿ. ಅಲ್ಲಿಗೆ 210. ಚೀಟಿಯಲ್ಲಿ 250 ಬರೆದರೆ ಚೌಕಾಸಿಗೂ ಜಾಗ ಉಳಿಯುತ್ತದೆ. ಬೆಳಗಾವಿಯ ಗಿರಾಕಿಗಳಿಗಾದರೆ ಚೀಟಿ ಕನ್ನಡದ ಜೊತೆ ಮರಾಠಿಯಲ್ಲೂ ಇರಲಿ.

ಕ್ಯೂಆರ್ ಕೋಡ್ ಇದ್ದರೂ 10, 20, 50ರ ನೋಟು ಒಯ್ಯಿರಿ. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು.

ಖಾನಾಪುರದ ಮಣ್ಣಿನ ದೀಪ, ಕುಂಡಗಳನ್ನೂ ಜೊತೆಗಿಡುವುದಾದರೆ ಭತ್ತದ ಹುಲ್ಲು ಒತ್ತಾಗಿ ತುಂಬಿ. ಪೆಟ್ಟಿಗೆ ಅಲುಗಾಡಿಸಿದಾಗ ಸದ್ದು ಬರಬಾರದು.

ಸರ್ಕಾರಿ ಮೇಳಗಳ ಮಳಿಗೆಗೆ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ‘ಪೆಹಚಾನ್’ ಗುರುತಿನ ಚೀಟಿ ಕೇಳುವುದುಂಟು. ಅರ್ಜಿ ಈಗಲೇ ಹಾಕಿಡಿ.