ಕ್ಷೇತ್ರವು ಪೇಟೆಯಾದ ಬಗೆ

ಒಂದು ಊರು ವ್ಯಾಪಾರಕೇಂದ್ರವಾಗಿ ಬೆಳೆಯುವುದು ಹೇಗೆ? ಅರ್ಥಶಾಸ್ತ್ರದ ಪಾಠಗಳಲ್ಲಿ ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ನಂಜನಗೂಡು. ನಾನು ಆ ತಾಲ್ಲೂಕಿನ ಹುಲ್ಲಹಳ್ಳಿಯವನು. ನಮ್ಮೂರ ಬಳಿ ಹಿಂದಿನವರು ಕಪಿಲಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ನಾಲೆಯೇ ಇಲ್ಲಿನ ಗದ್ದೆಗಳಿಗೆ ಜೀವ. ಆ ಗದ್ದೆಗಳ ಭತ್ತಕ್ಕೂ ನಂಜನಗೂಡಿನ ಪೇಟೆಗೂ ಇರುವ ನಂಟನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಂಜನಗೂಡಿಗೆ ಮೊದಲು ಜನರನ್ನು ಬರಮಾಡಿಕೊಂಡವನು ಶ್ರೀಕಂಠೇಶ್ವರ. ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹೊರಡುತ್ತವೆ. ಬಂದ ಯಾತ್ರಿಕರಿಗೆ ಊಟ, ವಸತಿ, ಹಣ್ಣುಕಾಯಿ ಬೇಕಲ್ಲವೆ? ಆದರೆ ಜಾತ್ರೆಯ ವ್ಯಾಪಾರ ತೇರಿನೊಡನೆಯೇ ಮುಗಿಯುವಂಥದು. ವರ್ಷವಿಡೀ ವ್ಯಾಪಾರ ನಡೆಯಬೇಕಾದರೆ ದಾರಿ ಇರಬೇಕು. 1735ರಲ್ಲಿ ದಳವಾಯಿ ದೇವರಾಜಯ್ಯನವರು ನದಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದರು. ಮುಂದೆ ಅದೇ ಸೇತುವೆಯ ಮೇಲೆ ರೈಲೂ ಓಡಿತು.

1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲುದಾರಿಯಾಯಿತು. ಅದು ಚಾಮರಾಜನಗರವನ್ನು ಮುಟ್ಟಿದ್ದು 1926ರಲ್ಲಿ. ಎಂದರೆ ಸುಮಾರು 35 ವರ್ಷ ನಂಜನಗೂಡೇ ಆ ದಾರಿಯ ಕೊನೆಯ ನಿಲ್ದಾಣ. ಗಾಡಿಯ ಸರಕು ರೈಲಿಗೆ ಏರುವಲ್ಲಿ ಮಂಡಿ ಬೇಕು, ಉಗ್ರಾಣ ಬೇಕು, ಹಮಾಲಿ ಬೇಕು, ಸಾಲ ಕೊಡುವವನೂ ಬೇಕು. ಸರಕು ವಾಹನ ಬದಲಿಸುವ ಸ್ಥಳದಲ್ಲಿ ಪೇಟೆ ಬೆಳೆಯುವುದು ಸಹಜ. ರೈಲು ಮುಂದಕ್ಕೆ ಹೋದ ಮೇಲೂ ಗುಂಡ್ಲುಪೇಟೆಯ ಮೂಲಕ ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿ ಊರನ್ನು ಕಾಪಾಡಿತು.

ಮೂರನೆಯ ಮೆಟ್ಟಿಲು ಕೈಗಾರಿಕೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನು ನಾಡಿನ ಮನೆಮನೆಗೂ ಒಯ್ದಿತು. ಬಳಿಕ ಕೈಗಾರಿಕಾ ಪ್ರದೇಶವೂ ನೆಸ್ಲೆಯ ಕಾಫಿ ಕಾರ್ಖಾನೆಯೂ ಬಂದವು. ತಿಂಗಳ ಸಂಬಳ ಎಣಿಸುವವರು ಹೆಚ್ಚಿದಂತೆ ಅಂಗಡಿಗಳೂ ಹೆಚ್ಚಿದವು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 50 ಸಾವಿರ.

ಪೇಟೆ ಬೆಳೆಯಿತು, ಅದಕ್ಕೆ ಸರಕು ಕೊಟ್ಟ ಹಳ್ಳಿಗೆ ಬಂದ ಪಾಲೆಷ್ಟು? ರಸಬಾಳೆಯನ್ನೇ ನೋಡಿ. ನಂಜನಗೂಡಿನ ಹೆಸರು ಹೊತ್ತ ಆ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಸೊರಗುರೋಗಕ್ಕೆ ಸಿಕ್ಕಿ ತೋಟಗಳೇ ಕಡಿಮೆಯಾದವು. ಹೆಸರಿಗೆ ಬೆಲೆ ಬಂದರೂ ಗಿಡ ಉಳಿಯದಿದ್ದರೆ ಬೆಳೆದವನಿಗೆ ಲಾಭವಿಲ್ಲ.

ಭತ್ತದ ವಿಷಯವೂ ವಿಚಾರಯೋಗ್ಯವೇ. ಬಹಿರಂಗ ಹರಾಜು, ಸರಿಯಾದ ತೂಕ, ತಡವಿಲ್ಲದ ಹಣ, ಇವೇ 1966ರ ಕೃಷಿ ಮಾರುಕಟ್ಟೆ ಕಾಯಿದೆಯ ಆಶಯ. ಆದರೆ ಮುಂಗಡ ಸಾಲ ಪಡೆದ ರೈತ ಹರಾಜಿನವರೆಗೆ ಕಾಯಲಾರ. ಸಾಲ ಕೊಟ್ಟವನಿಗೇ ಮಾರುತ್ತಾನೆ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಅಪ್ಪ ಭತ್ತ ಮಾರಿ ಬಂದಾಗ ತೂಕದ ಚೀಟಿಯನ್ನು ನನ್ನ ಕೈಗಿತ್ತು ಓದಿಸುತ್ತಾರೆ. ಚೀಲದ ತೂಕ ಕಳೆದದ್ದೆಷ್ಟು, ಹಮಾಲಿಗೆ ಹಿಡಿದದ್ದೆಷ್ಟು, ಬಡ್ಡಿಗೆ ಹೋದದ್ದೆಷ್ಟು ಎಂದು ಕೇಳುತ್ತಾರೆ.

ಸೇತುವೆಯನ್ನೂ ರೈಲನ್ನೂ ಅರಸರು, ಸರಕಾರಗಳು ಕೊಟ್ಟವು. ಈ ಲೆಕ್ಕವನ್ನು ಹಳ್ಳಿಗೆ ಕೊಡಬೇಕಾದವರು ನಾವು. ಹಳ್ಳಿಗಳಿಂದ ಬಂದ ಸಹಪಾಠಿಗಳು ರಜೆಯಲ್ಲಿ ಊರಿಗೆ ಹೋದಾಗ ನೆರೆಮನೆಯವರ ಚೀಟಿಯನ್ನೂ ಒಮ್ಮೆ ಓದಿ ಹೇಳಲಿ. ಪೇಟೆಯ ಏಳಿಗೆಯಲ್ಲಿ ಹಳ್ಳಿಯೂ ತನ್ನ ಪಾಲನ್ನು ಕೇಳಿ ಪಡೆಯಲು ಅದು ಮೊದಲ ಹೆಜ್ಜೆಯಾದೀತು.