ಹೆಜ್ಜೆ ತಪ್ಪಿದ ಇಬ್ಬರು ಸಿಪಾಯಿಗಳು

ಬೆಂಗಳೂರಿನ ದಂಡು ಪ್ರದೇಶದಲ್ಲಿ ಮೊದಲು ಬಂದದ್ದು ಕವಾಯತು, ಸಿನಿಮಾ ಬಂದದ್ದು ಆಮೇಲೆ. 1809ರ ಹೊತ್ತಿಗೆ ಬ್ರಿಟಿಷರ ಸೇನೆ ಹಲಸೂರಿನ ಆಸುಪಾಸಿನಲ್ಲಿ ಬೀಡುಬಿಟ್ಟಿತು. ಅದರ ಪೆರೇಡ್ ಮೈದಾನ ಇಂದು ಮಾಣೆಕ್ ಷಾ ಹೆಸರಿನಲ್ಲಿದೆ. ಪಕ್ಕದ ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಗಿದೆ.

ಇಂಥದೇ ಒಂದು ದಂಡಿಗೆ ಹಾಸ್ಯಜೋಡಿ ಲಾರೆಲ್ ಮತ್ತು ಹಾರ್ಡಿ ಬರುತ್ತಾರೆ, 1935ರ 'ಬಾನಿ ಸ್ಕಾಟ್ಲೆಂಡ್' ಚಿತ್ರದಲ್ಲಿ. ಆಸ್ತಿಯ ಆಸೆಗೆ ಸ್ಕಾಟ್ಲೆಂಡಿಗೆ ಹೋದವರು ಅರಿಯದೆ ಸೈನ್ಯಕ್ಕೆ ಸೇರಿ ಭಾರತಕ್ಕೆ ಬಂದಿಳಿಯುತ್ತಾರೆ. ಸಾಲಿನಲ್ಲಿ ನಡೆಯುವಾಗ ಲಾರೆಲ್‌ನ ಹೆಜ್ಜೆ ತಪ್ಪುತ್ತದೆ. ತಿದ್ದಲು ಹೊರಟ ಹಾರ್ಡಿಗೇ ಗೊಂದಲವಾಗಿ, ಅವನೂ ಲಾರೆಲ್‌ನ ಹೆಜ್ಜೆಗೆ ಹೊಂದಿಕೊಳ್ಳುತ್ತಾನೆ. ಆಮೇಲೆ ಪಕ್ಕದವನು, ಹಿಂದಿನವನು. ಕೊನೆಗೆ ಇಡೀ ಪಡೆಯೇ ಆ ತಪ್ಪು ಹೆಜ್ಜೆಗೆ ಒಗ್ಗಿಕೊಳ್ಳುತ್ತದೆ. ಈ ದೃಶ್ಯಕ್ಕೆ ಮಾತೇ ಬೇಕಿಲ್ಲ. ಸಿಪಾಯಿಗಳ ಬೂಟಿನ ಸದ್ದು ಕೇಳುತ್ತ ಬೆಳೆದ ಊರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶಿವಾಜಿನಗರದ ಎಲ್ಗಿನ್, 1936ರಲ್ಲಿ ತೆರೆದ ಪ್ಲಾಜಾ, ಹಿಂದೆ ಸ್ವಯಂಸೇವಕ ಪಡೆಯ ಆಯುಧಾಗಾರವಾಗಿದ್ದ ಬಿ.ಆರ್.ವಿ., ಆಮೇಲೆ ಹಲಸೂರಿನ ಲಿಡೊ: ದಂಡಿನ ಟಾಕೀಸುಗಳ ನಂಟು ಇಂಗ್ಲಿಷ್ ಸಿನಿಮಾದೊಡನೆ ಹಳೆಯದು. ತಮಿಳು, ದಖನಿ ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಎಲ್ಲವೂ ಒಂದೇ ಬೀದಿಯಲ್ಲಿ ಕೇಳುವ ಜಾಗವಿದು. ಎಲ್ಲರೂ ಒಂದೇ ಗಳಿಗೆಯಲ್ಲಿ ನಗಬೇಕಾದರೆ ನಗೆ ಕಣ್ಣಿಗೆ ಕಾಣುವಂತಿರಬೇಕು.

ಈ ಜೋಡಿ ಕೂಡಿದ್ದು 1927ರಲ್ಲಿ. ಮಾತಿನ ಚಿತ್ರಗಳು ಬಂದಾಗ ಎಷ್ಟೋ ಮೂಕಿ ಹಾಸ್ಯಗಾರರು ಮಂಕಾದರು, ಇವರು ಉಳಿದರು. ಬೇರೆ ದೇಶಗಳಿಗಾಗಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತುಗಳನ್ನು ಹಲಗೆಯ ಮೇಲೆ ಬರೆಸಿಕೊಂಡು ಓದಿ ಅದೇ ಚಿತ್ರದಲ್ಲಿ ಮತ್ತೆ ನಟಿಸಿದ್ದೂ ಉಂಟು.

ಅವರ ಗುಟ್ಟು ನಿಧಾನ ಎಂದೇ ನನ್ನ ಅಭಿಪ್ರಾಯ. 1929ರ 'ಬಿಗ್ ಬಿಸಿನೆಸ್' ನೋಡಿ. ಮನೆಮನೆಗೆ ಕ್ರಿಸ್‌ಮಸ್ ಮರ ಮಾರುವ ಇವರಿಗೂ ಒಬ್ಬ ಮನೆಯೊಡೆಯನಿಗೂ ಜಗಳ ಹತ್ತುತ್ತದೆ. ಇವರು ಅವನ ಮನೆ ಕೆಡವುತ್ತಾರೆ, ಅವನು ಇವರ ಕಾರು ಮುರಿಯುತ್ತಾನೆ. ಆದರೆ ಒಬ್ಬರು ಒಡೆಯುವಾಗ ಇನ್ನೊಬ್ಬರು ತಡೆಯುವುದಿಲ್ಲ. ತಮ್ಮ ಸರದಿಗೆ ಕಾಯುತ್ತಾರೆ. ಮುಂದೇನಾಗುತ್ತದೆಂದು ನಮಗೆ ಮೊದಲೇ ಗೊತ್ತು, ಆದರೂ ಕಾಯುತ್ತೇವೆ. ಪೆಟ್ಟು ತಿಂದ ಹಾರ್ಡಿ ಕ್ಯಾಮೆರಾ ಕಡೆಗೆ ತಿರುಗಿ ನೇರ ನಮ್ಮನ್ನೇ ನೋಡುತ್ತಾನೆ, 'ನೋಡಿದಿರಾ ಇವನನ್ನು?' ಎನ್ನುವಂತೆ. ಆ ನೋಟದಲ್ಲಿ ಬಾಲ್ಕನಿಯವನೂ ಗಾಂಧಿ ಕ್ಲಾಸಿನವನೂ ಸಮಾನ ಸಾಕ್ಷಿಗಳು.

ಇಬ್ಬರಲ್ಲಿ ಜಾಣ ಯಾರೂ ಇಲ್ಲ, ಒಬ್ಬ ತಾನು ಜಾಣನೆಂದು ನಂಬಿದ್ದಾನೆ ಅಷ್ಟೆ. ಎಷ್ಟೇ ಬೈದಾಡಿದರೂ ಮರುಗಳಿಗೆ ಅವರು ಒಟ್ಟಿಗೇ ನಡೆಯುತ್ತಾರೆ. ನಮ್ಮ ನರಸಿಂಹರಾಜು, ಬಾಲಕೃಷ್ಣರ ಜೋಡಿಯನ್ನು ಕನ್ನಡಿಗರು ಮನೆಯವರಂತೆ ಹಚ್ಚಿಕೊಂಡದ್ದಕ್ಕೂ ಇಂಥ ಒಡನಾಟವೇ ಕಾರಣ. ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಹಾಸ್ಯದ ಸಮಯಪ್ರಜ್ಞೆ ಎಂದರೆ ಜೊತೆಗಾರನ ಮೇಲೆ ಅಷ್ಟೊಂದು ಗಮನ.

ಹಾರ್ಡಿ 1957ರಲ್ಲಿ, ಲಾರೆಲ್ 1965ರಲ್ಲಿ ತೀರಿಕೊಂಡರು. ಪ್ಲಾಜಾ ಇದ್ದಲ್ಲಿ ಈಗ ಮೆಟ್ರೊ ನಿಲ್ದಾಣವಿದೆ, ಲಿಡೊ ಇದ್ದಲ್ಲಿ ಮಾಲ್. ಚಿತ್ರಗಳು ಮಾತ್ರ ಇಂದಿರಾನಗರದ ಮನೆಯಲ್ಲಾಗಲಿ ಕೆ.ಆರ್. ಪುರದ ಬಸ್ಸಿನಲ್ಲಾಗಲಿ ಮೊಬೈಲಿನಲ್ಲೇ ಸಿಗುತ್ತವೆ.

ಹೊಸಬರು 1932ರ 'ದಿ ಮ್ಯೂಸಿಕ್ ಬಾಕ್ಸ್'ನಿಂದ ಶುರುಮಾಡಲಿ. ಆಸ್ಕರ್ ಪಡೆದ, ಅರ್ಧ ಗಂಟೆಯ ಚಿತ್ರ ಅದು. ನೂರಕ್ಕೂ ಹೆಚ್ಚು ಮೆಟ್ಟಿಲಿನ ಮೇಲೆ ಪಿಯಾನೊ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತ ತುದಿ ಮುಟ್ಟಿದವರಿಗೆ ಅಂಚೆಯವನೊಬ್ಬ ಹೇಳುತ್ತಾನೆ, ಸುತ್ತಿ ಬಂದರೆ ಗಾಡಿ ಬರುವ ದಾರಿಯೇ ಇತ್ತೆಂದು. ಇಬ್ಬರೂ ಪೆಟ್ಟಿಗೆಯನ್ನು ಮತ್ತೆ ಕೆಳಗಿಳಿಸಿ, ಗಾಡಿಗೆ ಹೇರಿ, ಆ ದಾರಿಯಲ್ಲಿ ಬರುತ್ತಾರೆ! ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಮಾತಿನ ಅರ್ಥ ಹೇಳಲು ಹೋಗಬೇಡಿ.