ಕುಣಿತಕ್ಕೆ ಸಾಲುವಷ್ಟು ಹಾಡು

ಕುರುಗೋಡಿನ ಸುತ್ತಿನ ಹಳ್ಳಿಗಳಲ್ಲಿ ಬಯಲಾಟವನ್ನು ಬೆಳಗಿನವರೆಗೂ ಕುಳಿತು ನೋಡಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು: ಪಾತ್ರಧಾರಿಯ ಕುಣಿತ ಮುಗಿಯದೆ ಹಿಮ್ಮೇಳದವರು ಪದವನ್ನು ಮುಗಿಸುವುದಿಲ್ಲ. ಭೀಮನ ವೇಷದವನಿಗೆ ಆವೇಶವೇರಿ, ಗೆಜ್ಜೆ ಕಟ್ಟಿದ ಕಾಲು ಅಟ್ಟದ ಹಲಗೆಗಳನ್ನು ಬಿಡದೆ ಬಡಿಯುತ್ತಿರುವಾಗ, ಹಾಡುವವನು ಅದೇ ಸಾಲನ್ನು ಹತ್ತು ಸಲವಾದರೂ ಮರಳಿ ಮರಳಿ ಎತ್ತುವನು. ಮದ್ದಳೆಯವನ ಕೈ ಮದ್ದಳೆಯ ಮೇಲಿದ್ದರೂ ದೃಷ್ಟಿಯೆಲ್ಲ ಕುಣಿಯುವವನ ಪಾದದ ಮೇಲಿರುವುದು. ಹಾಡು ಎಷ್ಟು ಹೊತ್ತು ನಡೆಯಬೇಕೆಂಬುದನ್ನು ನಿರ್ಣಯಿಸುವ ಅಧಿಕಾರ ಅಲ್ಲಿ ಕಾಲಿನದು.

ಈ ಅಧಿಕಾರವನ್ನು ಕಾಲಿನಿಂದ ಕಸಿದುಕೊಂಡುದು ಗ್ರಾಮೋಫೋನು. ಹತ್ತು ಅಂಗುಲದ ಹಳೆಯ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಹಾಡು. ಅನಂತರ ಬಂದ ಏಳು ಅಂಗುಲದ ಚಿಕ್ಕ ಪ್ಲೇಟಿನ ಕಥೆಯೂ ಹೆಚ್ಚು ಕಡಮೆ ಅದೇ. ಸಿರುಗುಪ್ಪದಲ್ಲಿ ಬತ್ತದ ಸುಗ್ಗಿ ತೀರಿ ಮದುವೆಗಳು ಮೊದಲಾದ ಕಾಲದಲ್ಲಿ, ಬೇವಿನ ಮರಕ್ಕೆ ಹಾರ್ನು ಕಟ್ಟಿ ಪ್ಲೇಟು ಹಾಕುತ್ತಿದ್ದ ಮೈಕ್‌ಸೆಟ್ಟಿನವನ ಪಕ್ಕದಲ್ಲಿ ಬಾಲ್ಯದಲ್ಲಿ ನಾನು ಗಂಟೆಗಟ್ಟಲೆ ಕುಳಿತದ್ದುಂಟು. ಮೆರವಣಿಗೆಯ ಹುಡುಗರು ಕುಣಿತಕ್ಕೆ ಮೈಬಿಟ್ಟ ಗಳಿಗೆಗೇ ಸರಿಯಾಗಿ ಹಾಡು ತೀರುವುದು, ಮುಳ್ಳು ಪ್ಲೇಟಿನ ನಡುವಿಗೆ ಬಂದು ಕರಕರನೆ ಕೆರೆಯುವುದು, "ಇನ್ನೊಂದ್ಸಲ ಹಾಕಣ್ಣೋ!" ಎಂಬ ಕೂಗು ಏಳುವುದು, ಅವನು ಮುಳ್ಳನ್ನೆತ್ತಿ ಮೊದಲಿಗಿಟ್ಟು ಹಾಡು ಮತ್ತೆ ಹೊರಡುವಷ್ಟರಲ್ಲಿ ಕಾಲುಗಳು ತಣ್ಣಗಾಗಿರುವುವು.

ಇದೇ ತೊಡಕು 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ನೃತ್ಯಶಾಲೆಗಳನ್ನೂ ಕಾಡುತ್ತಿತ್ತೆಂಬುದನ್ನು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪ್ಲೇಟು ಹಾಕುವ ಡಿಜೆ ಅಲ್ಲಿ ಎರಡು ಯಂತ್ರಗಳನ್ನು ಇಟ್ಟುಕೊಂಡು, ಒಂದರಲ್ಲಿ ಹಾಡು ನಡೆಯುತ್ತಿರುವಾಗಲೇ ಇನ್ನೊಂದರ ಪ್ಲೇಟನ್ನು ಹೆಡ್‌ಫೋನಿನಲ್ಲಿ ಕೇಳಿ, ಎರಡರ ತಾಳವನ್ನೂ ಕೂಡಿಸಿ, ಕುಣಿಯುವವರಿಗೆ ಸುಳಿವು ಹತ್ತದಂತೆ ಒಂದರಿಂದ ಮತ್ತೊಂದಕ್ಕೆ ದಾಟುತ್ತಿದ್ದನು. ಡಿಸ್ಕೊ ಹಾಡಿನ ನಡೆ ನಿಮಿಷಕ್ಕೆ 120 ಪೆಟ್ಟಿನ ಆಸುಪಾಸು. ನಿಮಿಷಕ್ಕೆ ಎಷ್ಟು ಪೆಟ್ಟೆಂಬುದನ್ನು ಎಣಿಸಿ ಪ್ಲೇಟಿನ ಲಕೋಟೆಯ ಮೇಲೆ ಬರೆದಿಟ್ಟುಕೊಳ್ಳುವ ಡಿಜೆಗಳೂ ಇದ್ದರು. ಆದರೂ ಹಾಡು ಗಿಡ್ಡವಾಗಿದ್ದರೆ ಅವರಾದರೂ ಏನು ಮಾಡಿಯಾರು?

ಹಾಡನ್ನೇ ಉದ್ದಮಾಡಬೇಕೆಂದು ಹೊರಟವರಲ್ಲಿ ಟಾಮ್ ಮೌಲ್ಟನ್ ಎಂಬಾತ ಮೊದಲಿಗರ ಸಾಲಿನವನು. ಅವನು ಒಮ್ಮೆ ಪ್ಲೇಟು ಕೊರೆಸಲು ಹೋದಾಗ ಏಳು ಅಂಗುಲದ ಖಾಲಿ ಪ್ಲೇಟುಗಳು ತೀರಿಹೋಗಿದ್ದುದರಿಂದ ಹತ್ತು ಅಂಗುಲದ್ದರ ಮೇಲೆಯೇ ಕೊರೆಯಬೇಕಾಗಿ ಬಂದಿತು. ಇಷ್ಟು ದೊಡ್ಡ ಪ್ಲೇಟಿನಲ್ಲಿ ಇಷ್ಟೇ ಗೀರು ಚೆನ್ನಾಗಿ ಕಾಣದೆಂದು ಗೀರುಗಳನ್ನು ವಿರಳವಾಗಿ ಹರಡಿಸಿದಾಗ ನಾದದ ಗಾಂಭೀರ್ಯವೇ ಬೇರೆಯಾಯಿತು. ಕಾರಣ ಸರಳವಾದುದು. ಡೋಲಿನಂಥ ಮಂದ್ರಧ್ವನಿ ಗೀರನ್ನು ಆಚೀಚೆ ಅಗಲವಾಗಿ ತೂಗಿಸುತ್ತದೆ. ಗೀರುಗಳು ಒತ್ತೊತ್ತಾಗಿದ್ದರೆ ಆ ತೂಗಾಟಕ್ಕೆ ಎಡೆಯಿಲ್ಲ. ಆ ಅಗಲವನ್ನು ಇನ್ನೂ ಹಿಗ್ಗಿಸಿದಾಗ ಹುಟ್ಟಿದುದೇ ಒಂದೇ ಹಾಡಿಗೆ ಮೀಸಲಾದ ಹನ್ನೆರಡು ಅಂಗುಲದ ಪ್ಲೇಟು. ಸಾಲ್‌ಸೋಲ್ ಕಂಪನಿಯವರು 1976ರಲ್ಲಿ ಅಂಗಡಿಯ ಮಾರಾಟಕ್ಕೆ ತಂದ 'ಟೆನ್ ಪರ್ಸೆಂಟ್' ಎಂಬ ಹಾಡನ್ನು ವಾಲ್ಟರ್ ಗಿಬ್ಬನ್ಸ್ ಎಂಬ ಡಿಜೆ ಕತ್ತರಿಸಿ, ಮತ್ತೆ ಜೋಡಿಸಿ, 9 ನಿಮಿಷಕ್ಕೂ ಮೀರಿ ಬೆಳೆಸಿದ್ದನು. ರಾತ್ರಿಯೆಲ್ಲ ಕುಣಿಯುವವರನ್ನು ಎದುರಿಗಿಟ್ಟುಕೊಂಡು ದುಡಿದವನೇ ಹಾಡಿಗೆ ಕತ್ತರಿ ಹಿಡಿದನೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಹೊಸ ಪ್ಲೇಟುಗಳನ್ನು ಪಡೆದು ತಮ್ಮೊಳಗೆ ಹಂಚಿಕೊಳ್ಳಲು ಡಿಜೆಗಳು 1975ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಕೂಟವನ್ನು ಕಟ್ಟಿಕೊಂಡರು. ಎರಡು ವರ್ಷ ಕಳೆದು, 1977ರಲ್ಲಿ, ಡಿಸ್ಕೊನೆಟ್ ಎಂಬ ಸೇವೆ ಅಲ್ಲಿಯೇ ಆರಂಭವಾಯಿತು. ನಾವು ವಾರಪತ್ರಿಕೆಗೆ ಚಂದಾ ಕಟ್ಟುವಂತೆ ಡಿಜೆಗಳು ಇದಕ್ಕೆ ಚಂದಾದಾರರಾಗಬೇಕು; ಅಂಗಡಿಯಲ್ಲಿ ಸಿಕ್ಕದ ಪ್ಲೇಟುಗಳು, ಅಂದರೆ ಹಿಗ್ಗಿಸಿದ ಹಾಡುಗಳು, ನುರಿತ ಡಿಜೆಗಳು ಒಂದಕ್ಕೊಂದು ಹೆಣೆದ ಹಾಡಿನ ಸರಗಳು, ಅವರಿಗೆ ಬಂದು ತಲಪುವುವು. ಸಾರ್ವಜನಿಕರಿಗೆ ಅದರಲ್ಲಿ ಪಾಲಿರಲಿಲ್ಲ. ಡೋನಾ ಸಮ್ಮರ್ 1977ರಲ್ಲಿ ಹಾಡಿದ 'ಐ ಫೀಲ್ ಲವ್' ಎಂಬುದನ್ನು ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಟ್ರಿಕ್ ಕೌಲಿ ತನ್ನ ಸಿಂಥಸೈಜರಿನ ಸ್ವರಗಳನ್ನು ಸೇರಿಸಿ 15 ನಿಮಿಷ ದಾಟುವಂತೆ ಮಾಡಿದುದು 1980ರಲ್ಲಿ ಈ ಚಂದಾದಾರರ ಕೈಸೇರಿತು. ಅಂಗಡಿಗೆ ಬಂದುದು 1982ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ, 32ನೆಯ ವಯಸ್ಸಿನಲ್ಲಿ, ಕೌಲಿ ತೀರಿಕೊಂಡನು. ಆ ಅಲ್ಪಾಯುಷಿಯ ಕೆಲಸವನ್ನು ಇಂದಿಗೂ ಕೇಳುವಾಗ ನನಗೆ ಮರುಕವಾಗುತ್ತದೆ. 1983ರಲ್ಲಿ ಇಂಗ್ಲೆಂಡಿನಲ್ಲಿ ಟೋನಿ ಪ್ರಿನ್ಸ್ ಎಂಬವನು ಡಿಸ್ಕೊ ಮಿಕ್ಸ್ ಕ್ಲಬ್ಬನ್ನು ತೆರೆದು ಇದೇ ಜಾಡಿನಲ್ಲಿ ನಡೆದನು.

ಡಿಸ್ಕೊ ಯುಗಕ್ಕೆ ನಮ್ಮ ನಾಡು ಅಪರಿಚಿತವಾಗಿತ್ತೆಂದು ತಿಳಿಯಬಾರದು. 1974ರಲ್ಲಿ ಲೋಕವನ್ನೇ ಕುಣಿಸಿದ 'ಕುಂಗ್ ಫೂ ಫೈಟಿಂಗ್' ಹಾಡಿನ ನಿರ್ಮಾಪಕ ಬಿದ್ದು ಅಪ್ಪಯ್ಯ ಬೆಂಗಳೂರಿನಲ್ಲಿ ಹುಟ್ಟಿದವರು; 1980ರ 'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಅವರದೇ ಸಂಗೀತ.

ಆದರೆ ಬಳ್ಳಾರಿಗೆ ಆ ಚಂದಾ ಪ್ಲೇಟುಗಳ ಬದಲು ಬಂದುದು ಕ್ಯಾಸೆಟ್ಟು. ಬೆಂಗಳೂರು ರಸ್ತೆಯ ಒಂದು ಅಂಗಡಿಯಲ್ಲಿ, ಬೇಕಾದ ಹಾಡುಗಳ ಹೆಸರನ್ನು ನೋಟುಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟು, 60 ನಿಮಿಷದ್ದೊ 90 ನಿಮಿಷದ್ದೊ ಖಾಲಿ ಕ್ಯಾಸೆಟ್ಟನ್ನು ಒಪ್ಪಿಸಿದರೆ, ಎರಡು ದಿನ ಬಿಟ್ಟು ತುಂಬಿದ ಕ್ಯಾಸೆಟ್ಟು ಕೈಗೆ ಬರುತ್ತಿತ್ತು. ಬರಾತಿಗೆಂದು ಹೇಳಿದರೆ ಆ ಅಂಗಡಿಯವರು, ಜೋಡಿ ಡೆಕ್ಕಿನ ಪಾಸ್ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಹಾಡಿನ ಮೊದಲ ಬಾಜಾಬಜಂತ್ರಿಯನ್ನು ಮೂರು ನಾಲ್ಕು ಆವರ್ತನೆ ಬರುವಂತೆ ತುಂಬಿಸಿಕೊಡುತ್ತಿದ್ದರು. ಜೋಡಣೆಯ ಜಾಗದಲ್ಲಿ 'ಟಕ್' ಎಂಬ ಸದ್ದೊಂದು ಉಳಿಯುತ್ತಿತ್ತು. ಕುಣಿಯುವವರು ಅದನ್ನೂ ತಾಳದಲ್ಲಿ ಸೇರಿಸಿಕೊಂಡುಬಿಡುತ್ತಿದ್ದರು. ನ್ಯೂಯಾರ್ಕಿನ ಹೆಸರನ್ನೂ ಕೇಳದೆ ಅವರು ಅದೇ ವಿದ್ಯೆಯನ್ನು ತಾವಾಗಿಯೇ ಕಂಡುಕೊಂಡಿದ್ದರೆಂದು ನಾನು ಗೌರವದಿಂದ ನೆನೆಯುತ್ತೇನೆ.

ಈಗ ಗಣೇಶನನ್ನು ಕಳುಹಿಸುವ ದಿನ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಆಳೆತ್ತರದ ಬಾಕ್ಸುಗಳನ್ನು ಪೇರಿಸಿ 'ಡಿಜೆ' ಹಚ್ಚುವುದು ರೂಢಿಯಾಗಿದೆ. ಆ ಅಬ್ಬರಕ್ಕೆ ಎಳೆಯ ಮಕ್ಕಳೂ ಮುದುಕರೂ ಎದೆ ಹಿಡಿದುಕೊಳ್ಳುವುದನ್ನು ಕಂಡು ನಾನು ನೊಂದಿದ್ದೇನೆ. ವಸತಿಯ ಬೀದಿಯಲ್ಲಿ ಹಗಲು 55, ಇರುಳು 45 ಡೆಸಿಬೆಲ್ ಎಂದು ಕಾನೂನು ವಿಧಿಸಿದ ಮೇರೆಯನ್ನು ಪಾಲಿಸಲೇಬೇಕು. ಆದರೂ ಈಚೆಗೆ ಸಿರುಗುಪ್ಪದಲ್ಲಿ ಒಬ್ಬ ಹುಡುಗನನ್ನು ಕಂಡು ನಿಂತುಬಿಟ್ಟೆ. ಬಾಕ್ಸುಗಳ ಹಿಂದೆ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿಕೊಂಡು ಕುಳಿತಿದ್ದ ಅವನು, ಮೂರು ಮಾರಿಗೊಮ್ಮೆ ಕತ್ತನ್ನು ಹೊರಚಾಚಿ, ಕುಣಿಯುವವರು ಸೋತರೋ ಇಲ್ಲವೋ ಎಂದು ನೋಡಿ, ಹಲಗೆಯ ಒಂದೇ ಬಡಿತವನ್ನು ಮರಳಿ ಮರಳಿ ಬಿಡುತ್ತಿದ್ದನು. ಈ ಹಾಡು ಎಲ್ಲಿಯದೆಂದು ವಿಚಾರಿಸಿದೆ. "ಹಾಡು ಹೊಸಪೇಟಿ ದೋಸ್ತ ಕಳಿಸಿದ್ರಿ ಸರ," ಎಂದವನು, ಕೈಯನ್ನು ಗುಂಡಿಯಿಂದ ತೆಗೆಯದೆಯೇ ಹೇಳಿದನು: "ಹಲಗಿ ಮಾತ್ರ ನಮ್ಮೂರಂದು. ನಾನೇ ಕೂಡ್ಸೀನಿ."